ವಿಸ್ಲಿಯ ಬಿಳಿ ಹೂವಿನ ಮರ ಮತ್ತು ನಮ್ಮ ಮಂಡ್ಯದ ಕಬ್ಬು

ನಮಸ್ಕಾರ. ಮೊದಲು ಈ ಮರವನ್ನು ಒಂದು ಸಲ ಸರಿಯಾಗಿ ನೋಡಿ. ಎಲೆ ಒಂದೂ ಇಲ್ಲ. ಬರೀ ಕೊಂಬೆ, ಕೊಂಬೆ ತುಂಬ ಬಿಳಿ ಹೂವು. ಯಾರೋ ಚಿಕ್ಕ ಚಿಕ್ಕ ಬಿಳಿ ಕರವಸ್ತ್ರಗಳನ್ನು ಒಗೆದು ಒಣಗಲು ಹಾಕಿದ ಹಾಗಿದೆ.

ಇದು ಇಂಗ್ಲೆಂಡಿನ ಸರ್ರೆಯಲ್ಲಿರುವ ವಿಸ್ಲಿ ತೋಟ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರದು. ಹೋದ ಶನಿವಾರ ತೆಗೆದ ವಿಡಿಯೊ. ಮಾರ್ಚ್ ಕೊನೆ, ಆದರೂ ಗಾಳಿಗೆ ಅಲ್ಲಿ ನಿಂತು ಮಾತಾಡಲು ಆಗಲಿಲ್ಲ. ಅದಕ್ಕೇ ಮಾತನ್ನು ಮನೆಗೆ ಬಂದ ಮೇಲೆ ಸೇರಿಸುತ್ತಿದ್ದೇನೆ. ತೋಟ ಬಹಳ ದೊಡ್ಡದು, ನೋಡಲು ಬೇಕಾದಷ್ಟಿದೆ. ನಾನು ಹೋಗಿದ್ದು ಮಾತ್ರ ಈ ಒಂದು ಮರಕ್ಕಾಗಿ. ಇದು ಬ್ಯಾಟಲ್‌ಸ್ಟನ್ ಹಿಲ್ ಅನ್ನೋ ದಿಬ್ಬದ ಮೇಲಿನ ಮ್ಯಾಗ್ನೋಲಿಯಾ. ಪೂರ್ತಿ ಹೆಸರು, ಮ್ಯಾಗ್ನೋಲಿಯಾ ಕೋಬಸ್ ‘ಜಾನಕಿ ಅಮ್ಮಾಳ್’.

ಹೌದು, ನಮ್ಮ ಕಡೆಯ ಹೆಸರೇ. ಕೇರಳದಲ್ಲಿ ಹುಟ್ಟಿದ ಒಬ್ಬ ಸಸ್ಯವಿಜ್ಞಾನಿಯ ಹೆಸರು. ಮರವೂ ತೀರಾ ಪರಕೀಯ ಅಲ್ಲ. ನಮ್ಮ ಸಂಪಿಗೆ ಇದೇ ಕುಟುಂಬದ್ದು. ಹಿಂದೆ ಪುಸ್ತಕಗಳಲ್ಲಿ ಸಂಪಿಗೆಗೆ ಮೈಕೇಲಿಯಾ ಚಂಪಕಾ ಎಂದು ಬರೆಯುತ್ತಿದ್ದರು. ಈಗ ಮ್ಯಾಗ್ನೋಲಿಯಾ ಚಂಪಕಾ ಅಂತಲೇ ಬರೆಯುತ್ತಾರೆ. ಅಜ್ಜಿ ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆ ಹಳದಿ ಹೂವಿನ ನೆಂಟ ಇದು.

ನನಗೆ ಜಾನಕಿ ಅಮ್ಮಾಳ್ ಅವರ ಹೆಸರು ಗೊತ್ತಾಗಿದ್ದು ಹೂವಿನಿಂದಲ್ಲ, ಕಬ್ಬಿನಿಂದ. ನಮ್ಮದು ಮಂಡ್ಯ ಜಿಲ್ಲೆ. ನಾಲೆ ನೀರಿನ ಗದ್ದೆ. ತಾತ ಕಬ್ಬು ಹಾಕುತ್ತಿದ್ದರು. ಬೇಸಿಗೆ ರಜೆಯಲ್ಲಿ ಕಬ್ಬಿನ ಸಾಲಿನೊಳಗೆ ನುಗ್ಗಿದರೆ ಗರಿ ಕೈಯೆಲ್ಲ ಕೊಯ್ಯುತ್ತಿತ್ತು. ಆಮೇಲೆ ಆಲೆಮನೆ, ಬಿಸಿ ಬೆಲ್ಲ, ಅದೆಲ್ಲ ನಿಮಗೂ ಗೊತ್ತಿರುತ್ತದೆ. ತಾತ ಹಾಕುತ್ತಿದ್ದ ತಳಿಯ ಹೆಸರು ಸಿಓ 62175. ಆ ‘ಸಿಓ’ ಅಂದರೆ ಏನು ಅಂತ ನಾನು ಯಾವತ್ತೂ ಕೇಳಲಿಲ್ಲ. ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಸಿಓ ಅಂದರೆ ಕೊಯಮತ್ತೂರು.

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಸ್ಥೆ ಶುರುವಾಯಿತು. ಅಲ್ಲೇ ಯಾಕೆ? ಅಲ್ಲಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಗದ್ದೆಯಲ್ಲಿ ಸೂಲಂಗಿ, ಅಂದರೆ ಕಬ್ಬಿನ ಹೂವು, ಬಂತು ಅಂದರೆ ತಾತನಿಗೆ ಆತಂಕ. ಬೇಗ ಕಡಿಸಬೇಕು, ಇಲ್ಲದಿದ್ದರೆ ಜಲ್ಲೆ ಒಳಗೆ ಬೆಂಡಾಗುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ತಳಿ ಮಾಡುವವರಿಗೆ ಅದೇ ಸೂಲಂಗಿ ಬೇಕು. ಹೂವಿಲ್ಲದೆ ಒಂದು ಕಬ್ಬಿಗೂ ಇನ್ನೊಂದಕ್ಕೂ ಸಂಕರ ಮಾಡುವುದು ಹೇಗೆ? ರೈತನ ಕೆಲಸ ಮುಗಿಯುವ ಕಡೆ ಅವರ ಕೆಲಸ ಶುರುವಾಗುತ್ತದೆ.

ಆಗಿನ ತೊಂದರೆ ಹೀಗಿತ್ತು. ದಪ್ಪ ಜಲ್ಲೆಯ, ರಸ ಜಾಸ್ತಿ ಇರುವ ಕಬ್ಬು ನಮ್ಮ ಉತ್ತರದ ಬಯಲಿನ ಚಳಿ, ಬರ, ರೋಗ ತಡೆಯುತ್ತಿರಲಿಲ್ಲ. ಅಲ್ಲಿನ ನಾಟಿ ಕಬ್ಬು ತಡೆಯುತ್ತಿತ್ತು, ಆದರೆ ಕಡ್ಡಿಯಂತೆ ಸಣ್ಣ. ಇನ್ನು ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡು ಕಬ್ಬು. ಬೆಳ್ಳಗೆ ತೆನೆ ಬಿಟ್ಟು ತೂಗಾಡುವ ಎತ್ತರದ ಹುಲ್ಲು ಅದು. ಅದರಲ್ಲಿ ಸಿಹಿ ಇಲ್ಲ, ಆದರೆ ಯಾವುದಕ್ಕೂ ಜಗ್ಗುವುದಿಲ್ಲ. ಸಿಹಿ ಕಬ್ಬಿಗೆ ಈ ಕಾಡು ಹುಲ್ಲನ್ನು ಸೇರಿಸಿ ಕೊಯಮತ್ತೂರು ಸಂಸ್ಥೆಯ ವಿಜ್ಞಾನಿಗಳಾದ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಮಾಡಿದ ತಳಿಯೇ ಸಿಓ 205.

ಈಗ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ‘ಭಾರತದ ಕಬ್ಬಿಗೆ ಸಿಹಿ ತಂದ ಮಹಿಳೆ’ ಅಂತ ಜಾನಕಿ ಅಮ್ಮಾಳ್ ಅವರ ಬಗ್ಗೆ ಇಂಟರ್ನೆಟ್‌ನಲ್ಲಿ ಎಲ್ಲ ಕಡೆ ಓದುತ್ತೀರಿ. ಓದಲು ಚೆನ್ನಾಗಿದೆ. ಆದರೆ ಮೊದಲ ಸಂಕರ ಆದಾಗ ಅವರಿಗೆ ಇನ್ನೂ ಹದಿನೈದು ವರ್ಷ. ಅವರು ಕೊಯಮತ್ತೂರಿಗೆ ಬಂದಿದ್ದು 1934ರಲ್ಲಿ. ಬೇರೆಯವರ ಕೆಲಸವನ್ನು ಅವರಿಗೆ ಅಂಟಿಸಿದರೆ, ಅವರು ನಿಜವಾಗಿ ಮಾಡಿದ ಕೆಲಸ ಮುಚ್ಚಿಹೋಗುತ್ತದೆ. ಅದು ನನಗೆ ಬೇಜಾರು. ಯಾಕೆಂದರೆ ಆ ಕೆಲಸ ದೊಡ್ಡದು.

ಅವರು ಮಾಡಿದ್ದು ಎಣಿಕೆ.

ಬೇರಿನ ಎಳೆ ತುದಿಯನ್ನು ಕತ್ತರಿಸಬೇಕು. ಅಲ್ಲಿ ಜೀವಕೋಶಗಳು ಒಂದು ಎರಡಾಗುತ್ತಾ ಇರುತ್ತವೆ. ಅದಕ್ಕೆ ಬಣ್ಣ ಹಾಕಿ, ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ವರ್ಣತಂತುಗಳನ್ನು, ಅಂದರೆ ವಂಶದ ಗುಣಗಳನ್ನು ಹೊರುವ ಕ್ರೋಮೋಸೋಮ್‌ಗಳನ್ನು, ಎಣಿಸಬೇಕು. ಮನುಷ್ಯರಲ್ಲಿ 46. ಜೋಳದ ಬಂಧು ಮೆಕ್ಕೆಜೋಳದಲ್ಲಿ 20. ದಪ್ಪ ಸಿಹಿ ಕಬ್ಬಿನಲ್ಲಿ 80. ಕಾಡು ಕಬ್ಬಿನಲ್ಲಿ ಒಂದು ಸಂಖ್ಯೆ ಅಂತಲೇ ಇಲ್ಲ. ಒಂದು ಊರಿನದರಲ್ಲಿ 40, ಇನ್ನೊಂದು ಕಡೆಯದರಲ್ಲಿ ನೂರು ದಾಟಿ, 128ರವರೆಗೂ ಹೋಗುತ್ತದೆ. ಎಳ್ಳು ಚೆಲ್ಲಿದ ಹಾಗೆ ಒಂದರ ಮೇಲೊಂದು ಬಿದ್ದಿರುವ ಚುಕ್ಕಿಗಳನ್ನು ಎಣಿಸುವುದು ಅಂದುಕೊಳ್ಳಿ. ಒಂದು ತಪ್ಪಿದರೂ ಮತ್ತೆ ಮೊದಲಿಂದ.

ಹೀಗೆ ಬೇರೆ ಬೇರೆ ಕಡೆಯ ಗಿಡಗಳನ್ನು ಎಣಿಸಿ, ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಕಾಡು ಕಬ್ಬು ಹುಟ್ಟಿದ್ದು ನಮ್ಮ ದೇಶದಲ್ಲೇ ಎಂಬ ತೀರ್ಮಾನಕ್ಕೆ ಅವರು ಬಂದರು. ಜೊತೆಗೆ ಕಬ್ಬನ್ನು ಬೇರೆ ಕುಲದ ಹುಲ್ಲುಗಳೊಂದಿಗೂ ಕೂಡಿಸಿ ನೋಡಿದರು. ಜೋಳ, ಮೆಕ್ಕೆಜೋಳದ ಜೊತೆಗೂ! ಯಾವ ಗಿಡ ಯಾವುದರೊಂದಿಗೆ ಕೂಡುತ್ತದೆ, ಯಾಕೆ ಕೂಡುತ್ತದೆ ಅಂತ ಗೊತ್ತಾಗದೆ ತಳಿ ಮಾಡುವುದೆಂದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಅವರು ದೀಪ ಹಿಡಿದರು.

ಅವರು ಹುಟ್ಟಿದ್ದು 1897ರಲ್ಲಿ, ತಲಶ್ಶೇರಿಯಲ್ಲಿ. ಮಂಗಳೂರಿನಿಂದ ಕಡಲ ತೀರ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಊರು. ತಂದೆ ಇ.ಕೆ. ಕೃಷ್ಣನ್ ಸಬ್ ಜಡ್ಜ್. ಗಿಡ, ಹಕ್ಕಿ ಅಂದರೆ ಅವರಿಗೂ ಪ್ರೀತಿ. ಮನೆ ತುಂಬ ಮಕ್ಕಳು, ಇಬ್ಬರು ಹೆಂಡಿರಿಂದ ಒಟ್ಟು ಹತ್ತೊಂಬತ್ತು. ಮದರಾಸಿನಲ್ಲಿ ಓದು, ಅಲ್ಲೇ ಪಾಠ ಹೇಳುವ ಕೆಲಸ. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಅಷ್ಟರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಬಾರ್ಬೋರ್ ವಿದ್ಯಾರ್ಥಿವೇತನ ಸಿಕ್ಕಿತು. ಅವರು ಹಡಗು ಹತ್ತಿದರು. ಆಮೇಲೆ ಮದುವೆಯಾಗಲೇ ಇಲ್ಲ. 1931ರಲ್ಲಿ ಅಲ್ಲೇ ಡಾಕ್ಟರೇಟ್ ಪಡೆದರು.

ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರಲ್ಲ, ಮಾರನೇ ವರ್ಷವೇ ಜಾನಕಿಯವರನ್ನು ಅದರ ಫೆಲೋ ಆಗಿ ಆರಿಸಿದರು.

ಕೊಯಮತ್ತೂರಿನ ದಿನಗಳು ಸುಲಭವಾಗಿರಲಿಲ್ಲ. ಸುತ್ತ ಗಂಡಸರು. ಇವರು ಒಂಟಿ ಹೆಂಗಸು, ಮೇಲಾಗಿ ಕೀಳೆಂದು ಕಾಣುತ್ತಿದ್ದ ತಿಯ್ಯ ಸಮುದಾಯದವರು. 1939ರಲ್ಲಿ ಎಡಿನ್‌ಬರೋದಲ್ಲಿ ನಡೆದ ತಳಿವಿಜ್ಞಾನದ ಸಮ್ಮೇಳನಕ್ಕೆ ಬಂದರು. ಬಂದದ್ದು ಆಗಸ್ಟ್‌ನಲ್ಲಿ. ಸೆಪ್ಟೆಂಬರ್ ಶುರುವಿಗೆ ಯುದ್ಧ ಶುರುವಾಯಿತು. ಅವರು ಇಲ್ಲೇ ಉಳಿದರು.

ಲಂಡನ್ನಿನ ಮರ್ಟನ್‌ನಲ್ಲಿದ್ದ ಜಾನ್ ಇನ್ಸ್ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ರಾತ್ರಿ ಬಾಂಬ್ ಬಿದ್ದಾಗ ಮಂಚದ ಕೆಳಗೆ ಸೇರುವುದು, ಬೆಳಿಗ್ಗೆ ಒಡೆದ ಗಾಜು ಗುಡಿಸಿ ಮತ್ತೆ ಮೈಕ್ರೋಸ್ಕೋಪಿನ ಮುಂದೆ ಕೂರುವುದು. ಊರಿನಿಂದ ಒಂದು ಅಳಿಲನ್ನು ಸೀರೆಯ ನೆರಿಗೆಯಲ್ಲಿ ಬಚ್ಚಿಟ್ಟು ತಂದಿದ್ದರು, ಅದಕ್ಕೆ ಕಪೋಕ್ ಅಂತ ಹೆಸರಿಟ್ಟಿದ್ದರು ಅಂತ ಅವರ ಮನೆಯವರು ನೆನೆಯುತ್ತಾರೆ. ಈ ಊರಿನ ಮೊದಲ ಚಳಿಗಾಲ ಹೇಗಿರುತ್ತದೆ ಅಂತ ನನಗೆ ಗೊತ್ತು. ಬೆನ್ನ ಮೇಲೆ ಮೂರು ಗೆರೆ ಇರುವ ನಮ್ಮ ಅಳಿಲು ಒಂದು ಜೊತೆಗಿದ್ದರೆ ಎಷ್ಟು ಧೈರ್ಯ ಅನ್ನೋದು ನನಗೆ ಅರ್ಥವಾಗುತ್ತದೆ.

ಆ ಯುದ್ಧದ ವರ್ಷಗಳಲ್ಲೇ ಆ ಸಂಸ್ಥೆಯ ಮುಖ್ಯಸ್ಥ ಸಿ.ಡಿ. ಡಾರ್ಲಿಂಗ್‌ಟನ್ ಜೊತೆ ಸೇರಿ ಅವರು ಬೇಸಾಯದ ಗಿಡಗಳ ವರ್ಣತಂತುಗಳ ಅಟ್ಲಾಸ್ ಸಿದ್ಧಪಡಿಸಿದರು. 1945ರಲ್ಲಿ ಅಚ್ಚಾಯಿತು. ಮನುಷ್ಯ ಎಲ್ಲೆಲ್ಲಿ ಏನೇನು ಬೆಳೆಯುತ್ತಾನೋ ಆ ಗಿಡಗಳಲ್ಲಿ ಎಷ್ಟೆಷ್ಟು ವರ್ಣತಂತು ಎಂಬ ಲೆಕ್ಕ ಒಂದೇ ಪುಸ್ತಕದಲ್ಲಿ.

ಆಮೇಲೆ ವಿಸ್ಲಿಗೆ ಬಂದರು. ಈಗ ಮರದ ಹತ್ತಿರ ಬರೋಣ. ಈ ಶಾಟ್‌ನಲ್ಲಿ ಹೂವು ಹತ್ತಿರದಿಂದ ಕಾಣುತ್ತದೆ, ನೋಡಿ.

ಕಾಲ್ಚಿಸಿನ್ ಅಂತ ಒಂದು ವಿಷ ಇದೆ. ಯೂರೋಪಿನ ಕಾಲ್ಚಿಕಂ ಅನ್ನೋ ಹೂಗಿಡದ ಗೆಡ್ಡೆಯಿಂದ ತೆಗೆಯುತ್ತಾರೆ. ನಮ್ಮ ಬೇಲಿಯಲ್ಲಿ ಮಳೆಗಾಲಕ್ಕೆ ಅರಳುವ ಅಗ್ನಿಶಿಖೆ ಇದೆಯಲ್ಲ, ಕೆಂಪು ಹಳದಿ, ಬೆಂಕಿಯ ನಾಲಿಗೆಯ ಹಾಗೆ? ಅದರ ಗೆಡ್ಡೆಯಲ್ಲೂ ಇದೇ ವಿಷ. ಮಕ್ಕಳಿಗೆ ಮುಟ್ಟಬೇಡಿ ಅನ್ನೋದು ಅದಕ್ಕೇ. ಜೀವಕೋಶ ಒಡೆದು ಎರಡಾಗುವ ಮೊದಲು ವರ್ಣತಂತುಗಳು ಎರಡರಷ್ಟಾಗುತ್ತವೆ. ಆಮೇಲೆ ಸಣ್ಣ ಎಳೆಗಳು ಅರ್ಧವನ್ನು ಆ ಕಡೆ, ಅರ್ಧವನ್ನು ಈ ಕಡೆ ಎಳೆದುಕೊಳ್ಳುತ್ತವೆ. ಕಾಲ್ಚಿಸಿನ್ ಆ ಎಳೆಗಳು ಕಟ್ಟದಂತೆ ತಡೆಯುತ್ತದೆ. ಎರಡರಷ್ಟಾದದ್ದು ಒಂದೇ ಕೋಶದಲ್ಲಿ ಉಳಿದುಬಿಡುತ್ತದೆ. ಅಂಥ ಗಿಡದ ಎಲೆ, ಹೂವು ಎಷ್ಟೋ ಸಲ ದಪ್ಪ, ದೊಡ್ಡದು. ಜಾನಕಿಯವರು ಇದನ್ನು ಮ್ಯಾಗ್ನೋಲಿಯಾ ಸಸಿಗಳ ಮೇಲೆ ಮಾಡಿ ನೋಡಿದರು. ಆ ಸಸಿಗಳನ್ನು ಈ ದಿಬ್ಬದ ಮೇಲೆ ನೆಟ್ಟರು. ಅವರ ಹೆಸರಿನ ತಳಿ ಬಂದಿದ್ದು ಆ ಕೆಲಸದಿಂದ.

1951ರಲ್ಲಿ ಪ್ರಧಾನಿ ನೆಹರೂ ಜಾನಕಿಯವರನ್ನು ಭಾರತಕ್ಕೆ ವಾಪಸ್ ಕರೆದರು. ದೇಶದ ಗಿಡಮರಗಳನ್ನು ದಾಖಲಿಸುವ ಬೊಟಾನಿಕಲ್ ಸರ್ವೆ ಆಫ್ ಇಂಡಿಯಾವನ್ನು ಹೊಸದಾಗಿ ಕಟ್ಟಬೇಕಿತ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ಕಾಡಿನ ಎಷ್ಟೋ ಗಿಡಗಳು ಒಣಗಿ, ಕಾಗದಕ್ಕಂಟಿ, ಲಂಡನ್ನಿನ ಕ್ಯೂ ಸಸ್ಯತೋಟ ಸೇರಿದ್ದವು. ನಮ್ಮ ಗಿಡ ನೋಡಲು ನಾವು ಹಡಗು ಹತ್ತಬೇಕಿತ್ತು. ಅವರು ಹೋದರು, ದೇಶ ಸುತ್ತಿದರು. ಅದು ಹೆಚ್ಚು ಆಹಾರ ಬೆಳೆಯಿರಿ ಎಂದು ಕಾಡು ಕಡಿದು ಉಳುತ್ತಿದ್ದ ಕಾಲ.

ಒಂದು ಘಟನೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅಸ್ಸಾಮಿನ ಆ ಭಾಗದಲ್ಲಿ ಉಳಿದಿದ್ದ ಒಂದೇ ಒಂದು ಮ್ಯಾಗ್ನೋಲಿಯಾ ಗ್ರಿಫಿತಿ ಮರವನ್ನು ನೋಡಲು ಅವರು ಶಿಲ್ಲಾಂಗ್‌ನಿಂದ 37 ಮೈಲಿ ಹೋದರು. ಹತ್ತಿರ ಹತ್ತಿರ 60 ಕಿಲೋಮೀಟರ್. ಹೋಗಿ ನೋಡಿದರೆ ಮರ ಸುಟ್ಟುಹೋಗಿತ್ತು.

ಇಂಗ್ಲೆಂಡಿನ ಈ ದಿಬ್ಬದ ಮೇಲೆ ಮ್ಯಾಗ್ನೋಲಿಯಾ ಸಸಿಗಳನ್ನು ಮಕ್ಕಳಂತೆ ನೋಡಿಕೊಂಡ ಹೆಂಗಸು ಅವರು. ತನ್ನ ನೆಲದಲ್ಲಿ ತಾನಾಗೇ ಬೆಳೆದಿದ್ದ ಮರವನ್ನು ಕಾಣಲು ಹೋಗಿ, ಬೂದಿ ನೋಡಿ ಬಂದರು. ಅವರ ಮಾತು ಕೆಲಸ ಎರಡೂ ಅಲ್ಲಿಂದ ಬೇರೆಯಾದ ಹಾಗೆ ನನಗನ್ನಿಸುತ್ತದೆ. 1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಒಂದು ದೊಡ್ಡ ಸಭೆ ನಡೆಯಿತು. ಮನುಷ್ಯ ಭೂಮಿಯನ್ನು ಹೇಗೆ ಬದಲಾಯಿಸುತ್ತಿದ್ದಾನೆ ಎಂಬುದೇ ವಿಷಯ. ಕರೆ ಬಂದ ಹೆಂಗಸು ಇವರೊಬ್ಬರೇ. ಅಲ್ಲಿ ಅವರು ಮಾತಾಡಿದ್ದು ನಮ್ಮ ಬುಡಕಟ್ಟು ಜನ, ಹಳ್ಳಿಯ ಜನ ಗಿಡಮರಗಳ ಜೊತೆ ಬದುಕುವ ರೀತಿಯ ಬಗ್ಗೆ.

ಕೊನೆಗೆ ಮದರಾಸಿನ ಹೊರವಲಯದ ಮಧುರವಾಯಲ್. ಅಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯ, ಸುತ್ತ ಔಷಧಿ ಗಿಡಗಳು, ಒಂದಷ್ಟು ಬೆಕ್ಕುಗಳು. ಉಡುತ್ತಿದ್ದದ್ದು ಹಳದಿ ಸೀರೆ. ಕೊಡೈಕೆನಾಲಿನ ಗುಲಾಬಿ ತಳಿಗಾರ ದಂಪತಿ ಆಮೇಲೆ ಒಂದು ಹಳದಿ ಗುಲಾಬಿಗೆ ಇವರ ಹೆಸರಿಟ್ಟಿದ್ದಾರೆ.

ಎಪ್ಪತ್ತರ ದಶಕದಲ್ಲಿ ಪಾಲಕ್ಕಾಡಿನ ಸೈಲೆಂಟ್ ವ್ಯಾಲಿ ಕಾಡಿನಲ್ಲಿ, ಕುಂತಿ ಹೊಳೆಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ ಬಂತು. ಸಿಂಗಳೀಕಗಳ ಮನೆ ಅದು. ಕೇರಳದ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಕವಿ ಸುಗತಕುಮಾರಿ, ಎಷ್ಟೋ ಜನ ಎದ್ದು ನಿಂತರು. ಜಾನಕಿಯವರಿಗೆ ಆಗ ಎಂಬತ್ತರ ಸುಮಾರು. ಅವರೂ ದನಿ ಸೇರಿಸಿದರು. ಜೊತೆಗೆ ಇನ್ನೊಂದು ತೀರ್ಮಾನ ಮಾಡಿದರು. ಹಳೆಯ ಗೆಳೆಯ ಡಾರ್ಲಿಂಗ್‌ಟನ್‌ಗೆ ಕಾಗದ ಬರೆದು ತಿಳಿಸಿದರು. ಈ ಕಾಡು ಕೆರೆಯಾಗಲಿದೆ, ಅದಕ್ಕೆ ಮೊದಲು ಇಲ್ಲಿನ ಮರಗಳ ವರ್ಣತಂತುಗಳನ್ನು ನಾನು ಎಣಿಸುತ್ತೇನೆ, ಇದು ಸಾಹಸವೇ ಸರಿ, ಆದರೂ ಮಾಡುತ್ತೇನೆ ಅಂತ.

ಆ ವಯಸ್ಸಿನಲ್ಲಿ, ಆ ಕಾಡಿನಲ್ಲಿ! ಕಬ್ಬಿಗೆ ಮಾಡಿದ್ದನ್ನೇ, ಮ್ಯಾಗ್ನೋಲಿಯಾಗೆ ಮಾಡಿದ್ದನ್ನೇ, ಮುಳುಗಲಿರುವ ಕಾಡಿಗೆ. ಅಸ್ಸಾಮಿನಲ್ಲಿ ಅವರು ತಡವಾಗಿ ಹೋಗಿದ್ದರು. ಈ ಸಲ ಮೊದಲೇ ಹೋಗಬೇಕು ಅನ್ನಿಸಿತ್ತೇನೋ.

ಕಾಡು ಮುಳುಗಲಿಲ್ಲ. 1983ರಲ್ಲಿ ಯೋಜನೆ ಕೈಬಿಟ್ಟರು. 1984ರ ನವೆಂಬರ್ 15ರಂದು ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಜಾನಕಿಯವರು ಅದೇ ವರ್ಷ ಫೆಬ್ರವರಿ 7ರಂದು ಮಧುರವಾಯಲ್‌ನಲ್ಲಿ ತೀರಿಕೊಂಡಿದ್ದರು.

ಇದು ಕೊನೆಯ ಶಾಟ್. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಜೋರಾಯಿತು. ದಳಗಳು ಉದುರಲು ಶುರುವಾದವು. ಒಂದನ್ನು ಹುಲ್ಲಿನ ಮೇಲಿಂದ ಎತ್ತಿಕೊಂಡೆ. ನನ್ನ ಅಂಗೈಯಲ್ಲಿ ಕಾಣುತ್ತಿದೆ ನೋಡಿ. ದಪ್ಪ ದಳ, ತಣ್ಣಗಿತ್ತು. ಹೆಬ್ಬೆರಳಿಂದ ಸವರಿದರೆ ಥೇಟ್ ಸಂಪಿಗೆ. ಇನ್ನು ಮಾತಾಡುವುದಿಲ್ಲ. ಒಂದೆರಡು ನಿಮಿಷ ಸುಮ್ನೆ ಮರ ನೋಡಿ.