ಫೋನು ಓದುತ್ತೆ, ನಾವು ಹಾಕೋದು ಫೋಟೋ

ಕೇಳುಗರಿಗೆ ನಮಸ್ಕಾರ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಒಂದು ಭಾಗ ಇದೆ. ಅದರೊಳಗೆ ಟಾಕ್‌ಬ್ಯಾಕ್. ಅದನ್ನು ಆನ್ ಮಾಡಿದರೆ ಬೆರಳಿಟ್ಟಿದ್ದನ್ನೆಲ್ಲ ಫೋನು ಓದಿ ಹೇಳುತ್ತದೆ, ಕನ್ನಡದಲ್ಲೇ. ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತದೆ. ಕಣ್ಣು ಕಾಣದವರು ಇದನ್ನಿಟ್ಟುಕೊಂಡೇ ಹಣ ಕಳಿಸುತ್ತಾರೆ, ಪರೀಕ್ಷೆಗೆ ಓದುತ್ತಾರೆ. ಕಂಪ್ಯೂಟರಿಗೆ ಇದೇ ಥರ ಓದಿ ಹೇಳುವ ಎನ್‌ವಿಡಿಎ ಅನ್ನೋ ತಂತ್ರಾಂಶ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ಶುರು ಮಾಡಿದ್ದು. ಪೂರ್ತಿ ಉಚಿತ.

ಮತ್ತೆ ತೊಂದರೆ ಎಲ್ಲಿ? ಕಣ್ಣಿದ್ದವರಾದ ನಮ್ಮಲ್ಲಿ.

ನಮ್ಮ ಕೊಪ್ಪಳದ ಕಡೆ ಊರಿನ ವಾಟ್ಸಾಪ್ ಗ್ರೂಪಿಗೆ ಗ್ರಾಮಸಭೆಯ ನೋಟಿಸು ಹೇಗೆ ಬರುತ್ತೆ ಹೇಳಿ? ಕಾಗದ, ಅದರ ಮೇಲೆ ಸೀಲು, ಸಹಿ, ಅದರದ್ದೊಂದು ಸೊಟ್ಟ ಫೋಟೋ. ಅದರ ಮೇಲೆ ಬೆರಳಿಟ್ಟರೆ ಫೋನು 'ಫೋಟೋ' ಅಂದು ಸುಮ್ಮನಾಗುತ್ತದೆ. ಸಭೆ ಯಾವತ್ತು, ಎಲ್ಲಿ, ಒಂದೂ ತಿಳಿಯದು. ಫೋಟೋ ವಿವರಿಸುವ ಸೌಲಭ್ಯ ಈಗೀಗ ಬಂದಿದೆ, ನಿಜ. ಎಲ್ಲರ ಹತ್ತಿರ ಅಂಥ ಫೋನು ಇರಬೇಕಲ್ಲ! ಫೋಟೋ ಕೆಳಗೆ ಎರಡು ಸಾಲು ಟೈಪ್ ಮಾಡಿದರೆ ಮುಗೀತು. ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲಿ, ಅಂದರೆ ಫೋನಿನ ಮಾಮೂಲಿ ಕನ್ನಡ ಕೀಬೋರ್ಡಿನಲ್ಲಿ ಮಾಡಿ. ಹಳೆಯ ಫಾಂಟಿನಲ್ಲಿ ಹೊಡೆದದ್ದನ್ನು ಫೋನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ.

ಬ್ಯಾಂಕಿನ ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತು ಪರಿಶೀಲನೆಯಲ್ಲಿ, ಇನ್ನೊಂದು ತಮಾಷೆ. ಆ್ಯಪು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನುತ್ತದೆ. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಏನು ಮಾಡಬೇಕು? ಅವರು ಸುಪ್ರೀಂ ಕೋರ್ಟಿಗೇ ಹೋದರು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆ ಎಲ್ಲರಿಗೂ ಎಟುಕಬೇಕು, ಅದು ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಕೆವೈಸಿ ನಿಯಮ ಬದಲಿಸಲು ನಿರ್ದೇಶನಗಳನ್ನೂ ಕೊಟ್ಟಿತು.

ಕಿವಿ ಕೇಳದವರಿಗೆ ವಿಡಿಯೋ ಕಾಲ್ ಬಂದದ್ದು ಸಣ್ಣ ಮಾತಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹುಡುಗ ಊಟದ ಬಿಡುವಿನಲ್ಲಿ ಫೋನನ್ನು ಮಷಿನಿಗೆ ಆನಿಸಿಟ್ಟರೆ ಸಾಕು. ಎರಡೂ ಕೈ ಖಾಲಿ, ಸನ್ನೆ ಭಾಷೆಯಲ್ಲಿ ಗೆಳೆಯನ ಜತೆ ಹರಟೆ. ಡೇಟಾ ಬೇಗ ಮುಗಿಯುತ್ತದೆ, ಅದೊಂದೇ ಬೇಜಾರು.

ಕೊನೆಗೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡಿನ ವಿಷಯ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮೊದಲು 7 ಮಾತ್ರ ಇದ್ದವು. ಹಾಗಾಗಿ ಹಿಂದೆ ಆಗಲ್ಲ ಅಂದಿದ್ದರೂ ಇನ್ನೊಮ್ಮೆ ಕೇಳಿ ನೋಡಿ. ಅರ್ಜಿಯನ್ನು ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬಹುದು, ತಪಾಸಣೆಗೆ ಮಾತ್ರ ಆಸ್ಪತ್ರೆಗೆ ಹೋಗಲೇಬೇಕು. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಸಹಾಯ ಸಿಗುತ್ತದೆ. ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿದರೆ ಅಂಗಡಿಯವರ ಮೊಬೈಲ್ ನಂಬರ್ ಹಾಕಿಸಬೇಡಿ, ನಿಮ್ಮದೇ ಕೊಡಿ. ಓಟಿಪಿ ಬೇಕಾದಾಗಲೆಲ್ಲ ಅಂಗಡಿಗೆ ಅಲೆಯುವುದು ತಪ್ಪುತ್ತದೆ. ನಮಸ್ಕಾರ.