ಮಿಂಚುಮಿದುಳು ಕಲಿಸುವ ನುಡಿ

ಸ್ನೇಹಿತರೇ,

ಮಾವೊರಿ ಭಾಷೆಯಲ್ಲಿ ಕಂಪ್ಯೂಟರಿಗೆ ‘ರೊರೊಹಿಕೊ’ ಎನ್ನುತ್ತಾರೆ. ರೊರೊ ಎಂದರೆ ಮಿದುಳು, ಹಿಕೊ ಎಂದರೆ ವಿದ್ಯುತ್ತು. ಈ ಮಿಂಚುಮಿದುಳು ನ್ಯೂಜಿಲೆಂಡಿನ ಮೂಲನಿವಾಸಿಗಳಿಗೆ ಅವರದೇ ನುಡಿಯನ್ನು ಮರಳಿ ಕಲಿಸುತ್ತಿರುವ ಬಗೆಯನ್ನು ಹೇಳಲು ಬಂದಿದ್ದೇನೆ.

‘ಮರಳಿ’ ಎಂಬ ಮಾತನ್ನು ಬೇಕೆಂದೇ ಬಳಸಿದೆ. 1867ರ ಕಾಯ್ದೆಯಿಂದ ಮಾವೊರಿ ಮಕ್ಕಳ ಶಾಲೆಗಳಿಗೆ ಇಂಗ್ಲಿಷ್ ಬಂತು. ಮುಂದೆ ಎಷ್ಟೋ ಮಕ್ಕಳು ತಾಯ್ನುಡಿ ಆಡಿದ್ದಕ್ಕೆ ಶಾಲೆಯಲ್ಲಿ ಪೆಟ್ಟು ತಿಂದರು. ಪೆಟ್ಟು ತಿಂದವರು ತಮ್ಮ ಮಕ್ಕಳಿಗೆ ಆ ನುಡಿಯನ್ನು ದಾಟಿಸಲು ಹಿಂಜರಿದರು. 1972ರಲ್ಲಿ, ಶಾಲೆಗಳಲ್ಲಿ ಮಾವೊರಿ ಕಲಿಸಿ ಎಂದು ಕೋರುವ, ಮೂವತ್ತು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ ಸಂಸತ್ತಿನ ಮೆಟ್ಟಿಲೇರಿತು. 1982ರಲ್ಲಿ ‘ಕೋಹಙ ರೆಒ’, ಅಂದರೆ ನುಡಿಗೂಡು ಎಂಬ ಶಿಶುವಿಹಾರಗಳು ಶುರುವಾದವು. ಅಜ್ಜಿ ಮೊಮ್ಮಕ್ಕಳ ನಡುವೆ ಮಾತು ಹರಿಯಿತು. ನಡುವಿನ ತಂದೆತಾಯಿಯರಲ್ಲಿ ಬಹಳ ಮಂದಿ ದಡದಲ್ಲೇ ನಿಂತರು. ಕಲಿಕೆಯ ತಂತ್ರಾಂಶ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಅವರು, ದಿನದ ದುಡಿಮೆ ಮುಗಿಸಿ ಮೊಬೈಲ್ ಹಿಡಿದು ಕೂತವರು.

ಮೊದಲು ಒಂದು ಗೆರೆಯ ಕಥೆ. ಮಾವೊರಿಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ. ದೀರ್ಘಸ್ವರದ ನೆತ್ತಿಯ ಮೇಲೊಂದು ಅಡ್ಡಗೆರೆ. ‘ಕೆಕೆ’ ಎಂದರೆ ಕೇಕು, ‘ಕೇಕೇ’ ಎಂದರೆ ಕಂಕುಳು! ಕನ್ನಡ ಲಿಪಿಯಲ್ಲಿ ಬರೆದರೆ ಗೊಂದಲವೇ ಇಲ್ಲ. ಎ ಬೇರೆ, ಏ ಬೇರೆ. ಹಳೆಯ ಕೀಲಿಮಣೆಗಳಲ್ಲಿ ಆ ಗೆರೆಯೇ ಇರಲಿಲ್ಲ. ಕೆಲವರು ಸ್ವರವನ್ನು ಎರಡು ಸಲ ಒತ್ತಿದರು, ಕೆಲವರು ಎರಡು ಚುಕ್ಕೆ ಇಟ್ಟರು, ಉಳಿದವರು ಬಿಟ್ಟೇಬಿಟ್ಟರು. ಬಿಟ್ಟುಹೋದ ಗೆರೆಗಳನ್ನು ತಾನಾಗಿ ತುಂಬುವ ತಂತ್ರಾಂಶವನ್ನು ವೈಕಾಟೊ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದರು. ಇದು ಸಣ್ಣ ಕೆಲಸವಲ್ಲ. ‘ವಹಿನೆ’ ಒಬ್ಬ ಹೆಂಗಸು, ‘ವಾಹಿನೆ’ ಹಲವರು. ಹಿಂದೆ ‘ತೆ’ ಇದ್ದರೆ ಒಬ್ಬಳು, ‘ಙಾ’ ಇದ್ದರೆ ಹಲವರು. ಅಕ್ಕಪಕ್ಕದ ಪದ ನೋಡದೆ ಗೆರೆ ಎಳೆಯುವಂತಿಲ್ಲ.

ಆ ‘ಙಾ’ ಇದೆಯಲ್ಲ, ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಙ, ಅಲ್ಲಿ ಪದದ ಮೊದಲಲ್ಲೇ ಬರುತ್ತದೆ. ‘ಅಙಾ, ಅಙಾ’ ಎಂದು ನಾಲ್ಕಾರು ಸಲ ಹೇಳಿ, ಆಮೇಲೆ ‘ಅ’ವನ್ನು ಮನಸ್ಸಿನಲ್ಲೇ ನುಂಗಿ ನೋಡಿ. ನಾಲಿಗೆಯ ಬುಡ ಅಂಗುಳಿಗೆ ತಾಗಿದ್ದು ತಿಳಿಯುತ್ತದೆ.

2018ರಲ್ಲಿ ‘ಕುಪು’ ಎಂಬ ಆ್ಯಪ್ ಬಂತು. ಕುಪು ಎಂದರೆ ಪದ. ವಸ್ತುವಿನ ಫೋಟೋ ತೆಗೆದರೆ ಅದರ ಮಾವೊರಿ ಹೆಸರು ಬರುತ್ತಿತ್ತು. ಸೊಗಸಾದ ಕಲ್ಪನೆ, ಆದರೆ ನುಡಿ ಬರೀ ನಾಮಪದಗಳ ಗಂಟಲ್ಲ. ಕೇಳುವವರನ್ನೂ ಸೇರಿಸಿಕೊಂಡ ‘ನಾವು’ ಅಲ್ಲಿ ‘ತಾತೊಉ’, ಅವರನ್ನು ಹೊರಗಿಟ್ಟ ‘ನಾವು’ ‘ಮಾತೊಉ’. ‘ನಮ’ ಮತ್ತು ‘ಎಂಕುಲು’ ಎನ್ನುವ ತುಳುವರಿಗೆ ಇದು ಥಟ್ಟನೆ ಹಿಡಿಯುತ್ತದೆ. ಯಾವ ಕ್ಯಾಮೆರಾ ಇದರ ಫೋಟೋ ತೆಗೆದೀತು?

ಇದಕ್ಕೆ ಮನುಷ್ಯರ ದನಿಯೇ ಬೇಕು. ದೇಶದ ಉತ್ತರ ತುದಿಯ ಕೈತಾಯ ಪಟ್ಟಣದಲ್ಲಿ ‘ತೆ ಹಿಕು ಮೀಡಿಯಾ’ ಎಂಬ ಮಾವೊರಿ ಬಾನುಲಿ ಸಂಸ್ಥೆಯಿದೆ. ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಕಟ್ಟಲು ಅದು 2018ರಲ್ಲಿ ತನ್ನ ಜನರಿಗೆ ಕರೆ ಕೊಟ್ಟಿತು: ವಾಕ್ಯಗಳನ್ನು ಓದಿ ದನಿ ಕೊಡಿ. ಹತ್ತೇ ದಿನಗಳಲ್ಲಿ ಸುಮಾರು 2,500 ಜನ 300 ಗಂಟೆಗೂ ಮೀರಿದ ದನಿ ಕೊಟ್ಟರು. ಆ ಕೆಲಸದ ಮುಂದುವರಿಕೆಯಾಗಿ ಬಂದದ್ದು ‘ರೊಙೊ’. ಕಲಿಯುವವರ ಉಚ್ಚಾರಣೆಯನ್ನು ಕೇಳಿಸಿಕೊಂಡು ತಿದ್ದುವ ಆ್ಯಪ್. ರೊಙೊ ಎಂದರೆ ಕೇಳು.

ವಿದೇಶಿ ಕಂಪನಿಯೊಂದು ಗಂಟೆಗಿಷ್ಟು ಎಂದು ಹಣ ಕೊಟ್ಟು ಮಾವೊರಿ ದನಿ ಕೊಳ್ಳಲು ಹೊರಟಾಗ ತೆ ಹಿಕು ವಿರೋಧಿಸಿತು. ತನ್ನ ಸಂಗ್ರಹವನ್ನು ಬೇರೆಯವರು ಬಳಸಲು ತೆ ಹಿಕು ಕೊಡುವ ಪರವಾನಗಿಯ ಹೆಸರಿನಲ್ಲೇ ‘ಕೈತಿಯಾಕಿತಙ’ ಎಂಬ ಪದವಿದೆ. ಒಡೆತನವಲ್ಲ, ಕಾಪಿಡುವ ಹೊಣೆ. ಅವರ ನಿಲುವು ಸರಿ ಎಂದು ನಾನು ಪೂರ್ತಿ ನಂಬುತ್ತೇನೆ. ನೆಲ ಕಳೆದುಕೊಂಡವರು ದನಿಯನ್ನೂ ಮಾರಿ, ಅದನ್ನೇ ಪಾಠವಾಗಿ ದುಡ್ಡು ಕೊಟ್ಟು ಕೊಳ್ಳಬೇಕೇ?

ಆ ಬಾನುಲಿಯ ಕಪಾಟುಗಳಲ್ಲಿ ದಶಕಗಳ ಧ್ವನಿಮುದ್ರಣಗಳಿವೆ, ಮಾವೊರಿಯಲ್ಲೇ ಬೆಳೆದ ಹಿರಿಯರ ಮಾತುಗಳು. ಅವನ್ನು ಅಕ್ಷರಕ್ಕಿಳಿಸಬೇಕೆಂಬ ಆಸೆಯಿಂದಲೇ ಈ ತಂತ್ರಾಂಶದ ಕೆಲಸ ಆರಂಭವಾದದ್ದು. ಎಂದೋ ತೀರಿಕೊಂಡ ಅಜ್ಜನೊಬ್ಬ ‘ತಾತೊಉ’ ಎನ್ನುವುದನ್ನು ಮೊಮ್ಮಗಳು ಈಗ ಕಿವಿಯಲ್ಲಿ ಕೇಳುತ್ತಾ ಕಣ್ಣಲ್ಲಿ ಓದಬಹುದು, ಗೆರೆ ತಪ್ಪದೆ.