ಗೇಣು ಅಳೆದು ತಂದವನು ಕ್ಲೀವ್‌ಲ್ಯಾಂಡ್ ಸೇರಿದ | ಪಿಟ್ಸ್‌ಬರ್ಗ್ ಶನಿವಾರದ ವ್ಲಾಗ್

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ನೀವು ನೋಡ್ತಿರೋದು ಶನಿವಾರ, 2025ರ ಮೇ 10, ಬೆಳಗ್ಗೆ ಒಂಬತ್ತೂವರೆ. ನಾನು ಮಾತಾಡ್ತಿರೋದು ಭಾನುವಾರ, ಕಾಫಿ ಲೋಟ ಹಿಡ್ಕೊಂಡು. ನಡುವೆ ಸೊರ್ ಅಂತ ಶಬ್ದ ಬಂದ್ರೆ ಅದು ನಾನೇ, ಮೈಕ್ ಕೆಟ್ಟಿಲ್ಲ.

ಫೋನ್ ಡ್ಯಾಶ್‌ಬೋರ್ಡ್ ಮೇಲಿದೆ, ಅದಕ್ಕೇ ಅರ್ಧ ಚಿತ್ರ ವೈಪರ್ರೇ ಕಾಣ್ತಿದೆ. ಪಕ್ಕದಲ್ಲಿ ನಮ್ಮೆಜಮಾನ್ರು. ಮುಖ ಯಾಕೆ ಹಾಗಿದೆ ಅಂದ್ರೆ, ಹಿಂದಿನ ದಿನ ತಾನೇ ಐಪಿಎಲ್ ಒಂದು ವಾರ ನಿಲ್ಸಿದಾರೆ. ಆರ್‌ಸಿಬಿ ಅಪರೂಪಕ್ಕೆ ಚೆನ್ನಾಗಿ ಆಡ್ತಿತ್ತು. ಹಾಗಾಗಿ ಈ ಶನಿವಾರ ಅವರಿಗೆ ನನ್ನ ಸ್ಟೀಲರ್ಸ್ ಪುರಾಣ, ಅಂದ್ರೆ ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಕಥೆ, ಕೇಳೋದು ಬಿಟ್ರೆ ಬೇರೆ ಗತಿಯಿಲ್ಲ.

ಪುರಾಣ ಶುರು ಮಾಡೋಕೆ ಮುಂಚೆ ಜರ್ಸಿ ವಿಷಯ. ಹಿಂದಿನ ಸೀಟಲ್ಲಿ ಕವರ್ ಕಾಣ್ತಿದೆಯಲ್ಲ, ಅದೇ. ಮೈಸೂರಲ್ಲಿರೋ ನಮ್ಮಣ್ಣನ ಮಗನಿಗೆ ಅಂತ ಸ್ಟೀಲರ್ಸ್ ಆಟಗಾರ ಜಾರ್ಜ್ ಪಿಕೆನ್ಸ್ ಜರ್ಸಿ ತರಿಸಿದ್ದೆ, 14ನೇ ನಂಬರ್. ನೂರಮೂವತ್ತು ಡಾಲರ್. ನಮ್ಮಮ್ಮನಿಗೆ ಫೋನಲ್ಲಿ ರೂಪಾಯಿ ಲೆಕ್ಕದಲ್ಲಿ ಹೇಳಿದ್ದು ನನ್ನ ತಪ್ಪು. "ಹನ್ನೊಂದು ಸಾವಿರಾನಾ? ಬನೀನಿಗಾ?" ಅಂದ್ರು. ಮಂಗಳವಾರ ಪಾರ್ಸಲ್ ಬಂತು. ಊರಿಗೆ ಹೋಗ್ತಿರೋ ಗೆಳತಿ ಸೂಟ್‌ಕೇಸಲ್ಲಿ ಮಡಚಿ ಇಡೋಣ ಅಂತ ಟ್ಯಾಗ್ ಕಿತ್ತೆ. ಬುಧವಾರ ಬೆಳಗ್ಗೆ ಪಿಕೆನ್ಸ್‌ನ ಡಲ್ಲಾಸ್ ಕೌಬಾಯ್ಸ್‌ಗೆ ಮಾರಿಬಿಟ್ರು! ಮಾರಿದ್ರು ಅಂದ್ರೆ ದುಡ್ಡಿಗಲ್ಲ, 2026ರ ಡ್ರಾಫ್ಟಿನ ಮೂರನೇ ರೌಂಡ್ ಪಿಕ್ಕಿಗೆ, ಅಂದ್ರೆ ಕಾಲೇಜು ಹುಡುಗರನ್ನ ಆರಿಸ್ಕೊಳ್ಳೋ ಒಂದು ಸರದಿಗೆ, ಜೊತೆಗೆ 2027ರ ಐದನೇ ರೌಂಡಿಂದೊಂದು. ನಾವು ಅವನ ಜೊತೆ ಒಂದು ಆರನೇ ರೌಂಡ್ ಪಿಕ್ ಬೇರೆ ಕೊಟ್ಟಿದೀವಿ.

ಅಂಗಡಿಗೆ ಫೋನ್ ಮಾಡಿದೆ. ಹೆಸರು ಹೇಳಲ್ಲ, ಯಾವುದೋ ಆನ್‌ಲೈನ್ ಅಂಗಡಿ. "ಟ್ಯಾಗ್ ಇದೆಯಾ ಮೇಡಂ?" ಇಲ್ಲ. "ಹಾಗಾದ್ರೆ ವಾಪಸ್ ಇಲ್ಲ." ಹಾಕ್ಕೊಂಡೇ ಇಲ್ಲಪ್ಪ, ಮಡಿಕೆ ಕೂಡ ಬಿಚ್ಚಿಲ್ಲ ಅಂದೆ. ನಲವತ್ತು ನಿಮಿಷ ಹೋಲ್ಡ್ ಸಂಗೀತ ಕೇಳಿಸಿ ಕೊನೆಗೆ ಹತ್ತು ಡಾಲರ್ ಕೂಪನ್ ಕೊಟ್ರು. ಅದೂ ನೂರು ಡಾಲರ್ ಮೇಲೆ ಖರೀದಿ ಮಾಡಿದ್ರೆ ಮಾತ್ರ. ಇದು ಮೂರನೇ ಸಲ ಬೇರೆ. 2022ರಲ್ಲಿ ಕೆನ್ನಿ ಪಿಕೆಟ್, 8ನೇ ನಂಬರ್: ಹೋದ. ಹೋದ ವರ್ಷ ಜಸ್ಟಿನ್ ಫೀಲ್ಡ್ಸ್, 2ನೇ ನಂಬರ್: ಹೋದ. ಈಗ ಇವನು. ಅಣ್ಣನ ಮಗ ಮೆಸೇಜ್ ಮಾಡಿದಾನೆ, "ಅತ್ತೆ, ನಮ್ಮ ಸ್ಟಾರ್ ಟಿ.ಜೆ. ವಾಟ್ ಜರ್ಸಿ ಮಾತ್ರ ದಯವಿಟ್ಟು ತಗೋಬೇಡಿ."

ಸರಿ, ದೇವಸ್ಥಾನ ಬಂತು. ಪೆನ್ ಹಿಲ್ಸ್ ಶ್ರೀ ವೆಂಕಟೇಶ್ವರ, 1976ರ ಗುಡಿ. ಒಳಗೆ ಕ್ಯಾಮೆರಾ ಆಫ್. ಕೈ ಮುಗಿದು ಏನು ಕೇಳ್ಕೊಂಡ್ರಿ ಅಂತ ಇವರನ್ನ ಕೇಳಿದೆ, ಹೇಳಲಿಲ್ಲ. ನಾನು ಕೇಳ್ಕೊಂಡಿದ್ದು ಒಬ್ಬ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು.

ಇದು ಕ್ಯಾಂಟೀನಿನ ಪುಳಿಯೋಗರೆ. ತಿಂತಾ ಹೇಳ್ತೀನಿ. ಡ್ರಾಫ್ಟ್ ಅಂದ್ರೆ ಐಪಿಎಲ್ ಹರಾಜಲ್ಲ, ಇಲ್ಲಿ ದುಡ್ಡು ಕೂಗೋ ಹಾಗಿಲ್ಲ. ಹೋದ ಸೀಸನ್‌ನಲ್ಲಿ ಯಾರು ಕೊನೆಗಿದ್ರೋ ಅವರಿಗೆ ಮೊದಲ ಆಯ್ಕೆ. ಏಳು ರೌಂಡ್. ಕಾಲೇಜಿಂದ ಬಂದ ಹುಡುಗನಿಗೆ ಮೊದಲ ನಾಲ್ಕು ವರ್ಷದ ಸಂಬಳ ಪಿಕ್ ನಂಬರ್ ಪ್ರಕಾರವೇ ನಿಗದಿ ಆದ ಹಾಗೆ. ತಂಡಗಳು ಹುಡುಗ ಕ್ವಾರ್ಟರ್‌ಬ್ಯಾಕ್‌ಗೆ ಬಾಯಿ ಬಿಡೋದು ಇದಕ್ಕೇ. ಈ ಸಲ ಒಂದು ತಂಡದ ಸ್ಯಾಲರಿ ಕ್ಯಾಪ್, ಅಂದ್ರೆ ಒಟ್ಟು ಸಂಬಳದ ಮಿತಿ, 27.92 ಕೋಟಿ ಡಾಲರ್. ಡಲ್ಲಾಸಿನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಒಪ್ಪಂದ ವರ್ಷಕ್ಕೆ ಸರಾಸರಿ 6 ಕೋಟಿ. ಹುಡುಗ ಕೈಗೆ ಹತ್ತಿದ್ರೆ ಉಳಿದ ದುಡ್ಡಲ್ಲಿ ಇಡೀ ಮನೆ ಕಟ್ಟಬಹುದು.

ನಮ್ಮೋರು ಏನ್ ಮಾಡಿದ್ರು? ಮಾರ್ಚಲ್ಲಿ ಡಿ.ಕೆ. ಮೆಟ್‌ಕಾಫ್ ಅನ್ನೋ ರಿಸೀವರ್‌ನ ಸಿಯಾಟಲಿಂದ ತಂದ್ರು. ಅದಕ್ಕೆ ಎರಡನೇ ರೌಂಡ್ ಪಿಕ್ ಕೊಟ್ರು, ಅವನಿಗೆ ನಾಲ್ಕು ವರ್ಷಕ್ಕೆ 13.2 ಕೋಟಿ ಡಾಲರ್ ಬರೆದುಕೊಟ್ರು. ರಿಸೀವರ್ ಅಂದ್ರೆ ಎಸೆದ ಚೆಂಡು ಹಿಡಿಯೋನು. ಎಸೆಯೋನು ಯಾರು? ಫೀಲ್ಡ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ, ರಸೆಲ್ ವಿಲ್ಸನ್ ನ್ಯೂಯಾರ್ಕ್ ಜೈಂಟ್ಸ್‌ಗೆ ಹೋದ. ಮನೇಲಿ ಉಳಿದಿರೋದು ಮೇಸನ್ ರುಡಾಲ್ಫ್, ಅವನೂ ಬಿಟ್ಟುಹೋಗಿ ವಾಪಸ್ ಬಂದೋನು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ್ರೆ ಇದೇ.

ಆರನ್ ರೋಜರ್ಸ್ ಅನ್ನೋ ಹಳೇ ಕ್ವಾರ್ಟರ್‌ಬ್ಯಾಕ್ ಬರ್ತಾನಂತೆ. ಮಾರ್ಚಲ್ಲಿ ಬಂದು ಕಚೇರಿ ನೋಡ್ಕೊಂಡು ಹೋದ. ಮೇ ಬಂತು, ಸಹಿ ಇಲ್ಲ. ನಲವತ್ತೊಂದು ವರ್ಷ. ನಾಲ್ಕು ಸಲ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ, ಆದೋನು, ಇಲ್ಲ ಅನ್ನಲ್ಲ. ಆದ್ರೆ 2023ರಲ್ಲಿ ಜೆಟ್ಸ್‌ಗೆ ಹೋಗಿ, ಮೊದಲ ಪಂದ್ಯದಲ್ಲೇ ನಾಲ್ಕನೇ ಸಲ ಚೆಂಡು ಕೈಗೆ ಬರೋಷ್ಟರಲ್ಲಿ ಹಿಮ್ಮಡಿ ನರ ಹರ್ಕೊಂಡ. ನನಗಂತೂ ಬೇಡ ಈ ಮನುಷ್ಯ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ನಾನೇ ಮಾತು ಬದಲಾಯಿಸ್ತೀನಿ.

ಇಲ್ಲಿ ವಿಡಿಯೋ ಕಟ್ ಆಗಿದೆ. ಮೊಸರನ್ನ ಚೆಲ್ಲಿದ್ದು, ಬಿಡಿ.

ಹೈವೇಲಿ ಸ್ಕ್ವಿರಲ್ ಹಿಲ್ ಟನಲ್ ಹತ್ರ ಜಾಮ್. ಆ ಟನಲ್ ಬಾಯಿ ಕಂಡ್ರೆ ಸಾಕು, ಈ ಊರಲ್ಲಿ ಎಲ್ಲರೂ ಬ್ರೇಕ್ ಒತ್ತುತ್ತಾರೆ. ಹುಲಿ ಕೂತಿದೆಯಾ ಒಳಗೆ? ಅದಕ್ಕೇ ಒಳದಾರಿ ಹಿಡಿದ್ವಿ. ಈಗ ಕಾಣ್ತಿರೋದು ಬ್ಲೂಮ್‌ಫೀಲ್ಡ್. ಇಲ್ಲಿ ಸ್ವಲ್ಪ ನಿಧಾನ ಮಾಡಿ ಅಂತ ಇವರಿಗೆ ನಾನೇ ಹೇಳಿದ್ದು. 1955ರಲ್ಲಿ ಸ್ಟೀಲರ್ಸ್ ಒಬ್ಬ ಸ್ಥಳೀಯ ಹುಡುಗನ್ನ ಒಂಬತ್ತನೇ ರೌಂಡಲ್ಲಿ ತಗೊಂಡು, ಸೀಸನ್ ಶುರುವಾಗೋಕೆ ಮುಂಚೆನೇ ಮನೆಗೆ ಕಳ್ಸಿದ್ರು. ಅವನು ಈ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಅನ್ನೋ ಗಲ್ಲಿ ತಂಡಕ್ಕೆ ಪಂದ್ಯಕ್ಕೆ ಆರು ಡಾಲರ್ ತಗೊಂಡು ಆಡಿದ. ಮರುವರ್ಷ ಬಾಲ್ಟಿಮೋರ್ ಕರ್ಕೊಂಡು ಹೋಯ್ತು. ಹೆಸರು ಜಾನಿ ಯೂನಿಟಸ್. ಕ್ವಾರ್ಟರ್‌ಬ್ಯಾಕ್ ಆಟ ಅಂದ್ರೆ ಹೇಗೆ ಅಂತ ತೋರಿಸಿದೋರಲ್ಲಿ ಒಬ್ಬ. 1983ರಲ್ಲಿ ಇನ್ನೊಂದು ಸಲ. ಡ್ಯಾನ್ ಮರಿನೋ ಇದೇ ಊರಲ್ಲಿ ಹುಟ್ಟಿ, ಇದೇ ಊರ ಪಿಟ್ ಯೂನಿವರ್ಸಿಟಿಗೆ ಆಡಿದೋನು. ನಮ್ಮ ಸರದಿ ಬಂದಾಗ ಅವನು ಇನ್ನೂ ಇದ್ದ. ಬಿಟ್ರು. ಮಯಾಮಿ 27ನೇ ಪಿಕ್ಕಲ್ಲಿ ಎತ್ಕೊಂಡು ಹೋಯ್ತು.

ಆ ಪಾಪ ತೊಳ್ಕೊಳ್ಳೋಕೋ ಏನೋ, 2022ರಲ್ಲಿ ಅದೇ ಪಿಟ್‌ನಿಂದ ಪಿಕೆಟ್‌ನ ತಂದ್ರು, 20ನೇ ಪಿಕ್. ಪಿಟ್ ತಂಡಕ್ಕೂ ಸ್ಟೀಲರ್ಸ್‌ಗೂ ಅಭ್ಯಾಸದ ಕಟ್ಟಡ ಒಂದೇ, ಸ್ಟೇಡಿಯಂ ಒಂದೇ. ಅವನನ್ನ ಪಕ್ಕದ ಬಾಗಿಲಿಂದ ವರ್ಷಗಟ್ಟಲೆ ನೋಡಿದಾರೆ. ಆದ್ರೂ ಊರೆಲ್ಲ ಮಾತಾಡಿದ್ದು ಅವನ ಕೈ ಬಗ್ಗೆ. ಡ್ರಾಫ್ಟಿಗೆ ಮುಂಚೆ ಹುಡುಗರನ್ನ ಕರೆಸಿ ಅಳೀತಾರೆ, ಎತ್ತರ, ತೂಕ, ಓಟ, ಮತ್ತೆ ಗೇಣು. ನಿಜವಾಗ್ಲೂ ಗೇಣು. ಕೈ ಅಗಲಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ, ನಮ್ಮಜ್ಜಿ ಹಪ್ಪಳದ ಬಟ್ಟೆ ಅಳೀತಿದ್ದ ಹಾಗೆ. ಮಳೇಲಿ, ಚಳೀಲಿ ಚೆಂಡು ಜಾರುತ್ತೆ, ಅದಕ್ಕೆ ಒಂಬತ್ತಿಂಚಾದ್ರೂ ಇರಲಿ ಅಂತಾರೆ. ಪಿಕೆಟ್ ಹೆಬ್ಬೆರಳ ಕೀಲು ಸಡಿಲ, ಅಂದ್ರೆ ಜಾಸ್ತಿ ಬಾಗುತ್ತೆ. ಅದಕ್ಕೆ ಮೊದಲ ಸಲ ಅಳೆಯೋಕೇ ಕೊಡಲಿಲ್ಲ. ವ್ಯಾಯಾಮ ಮಾಡಿ ಕೈ ಹಿಗ್ಗಿಸ್ಕೊಂಡು ಬಂದ. ಎಂಟೂವರೆ ಇಂಚು ಬಂತು. ಎರಡೂ ಕೈಗೆ ಗ್ಲೌಸ್ ಹಾಕ್ಕೊಂಡು ಆಡ್ತಿದ್ದ.

ಈ ಶಾಟ್ ಹಿಂದಿನ ರಾತ್ರಿದು, ಇಲ್ಲಿ ಸೇರಿಸಿದೀನಿ. ಟೇಪು, ಟೇಬಲ್ಲು. ನಂದು ಏಳೂ ಮುಕ್ಕಾಲು. ಇವರದು ನೋಡಿ, ಎಂಟೂ ಮುಕ್ಕಾಲು. ಪಿಕೆಟ್‌ಗಿಂತ ಕಾಲಿಂಚು ಹೆಚ್ಚು. ಆಗಿಂದ ಈ ಮನುಷ್ಯ ಉಪ್ಪಿನಕಾಯಿ ಜಾಡಿ ಮುಚ್ಚಳ ಒಂದೇ ಕೈಲಿ ತೆಗೀತಿದಾರೆ.

ಪಿಕೆಟ್ ಸೋತಿದ್ದು ಕೈ ಚಿಕ್ಕದು ಅಂತಲ್ಲ. ಮುಂದಿರೋರು ಚೂರು ಹತ್ರ ಬಂದ್ರೆ ಸಾಕು, ತಡ್ಕೊಳ್ಳದೆ ಬಲಕ್ಕೆ ಓಡಿಬಿಡ್ತಿದ್ದ. ಅದನ್ನ ಯಾವ ಟೇಪಲ್ಲಿ ಅಳೀತೀರಾ? 2024ರಲ್ಲಿ ಫಿಲಡೆಲ್ಫಿಯಾಗೆ ಕಳ್ಸಿದ್ರು, ಅಲ್ಲಿ ಹೆಚ್ಚಾಗಿ ಬೆಂಚಲ್ಲಿ ಕೂತೇ ಸೂಪರ್ ಬೌಲ್, ಅಂದ್ರೆ ಲೀಗ್ ಫೈನಲ್ಲಿನ, ಉಂಗುರ ಗೆದ್ದ. ಈಗ ಕ್ಲೀವ್‌ಲ್ಯಾಂಡ್, ನಮ್ಮ ಹಗೆ.

ಆ ಕ್ಲೀವ್‌ಲ್ಯಾಂಡ್ ಕಥೆ ಕೇಳಿ. ಶೆಡೂರ್ ಸ್ಯಾಂಡರ್ಸ್, ಕೊಲರಾಡೊ ಯೂನಿವರ್ಸಿಟಿ ಕ್ವಾರ್ಟರ್‌ಬ್ಯಾಕ್, ಹಳೇ ಸ್ಟಾರ್ ಆಟಗಾರ ಡಿಯಾನ್ ಸ್ಯಾಂಡರ್ಸ್ ಮಗ. ನಮ್ಮ 21ನೇ ಪಿಕ್ಕಿಗೆ ಇವನೇ ಅಂತ ತುಂಬ ಜನ ಹೇಳಿದ್ರು. ಟಿವಿ ಮುಂದೆ ನಾನು "ತಗೊಳ್ಳಿ, ತಗೊಳ್ಳಿ" ಅಂತ ಕಿರುಚ್ತಿದ್ದೆ. ಡೆರಿಕ್ ಹಾರ್ಮನ್ ಅನ್ನೋ ಡಿಫೆನ್ಸಿವ್ ಲೈನಿನ, ಅಂದ್ರೆ ಎದುರಾಳಿ ಓಟ ತಡೆಯೋ, ದಡೂತಿ ಹುಡುಗನ್ನ ತಗೊಂಡ್ರು. ನಾನು ಬೈದಿದ್ದೇ ಬೈದಿದ್ದು. ಆಮೇಲೆ ಗೊತ್ತಾಯ್ತು, ಅದೇ ರಾತ್ರಿ ಆ ಹುಡುಗನ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡ್ರಂತೆ. ಬಾಯಿ ಮುಚ್ಚಿ ಕೂತೆ.

ತಣ್ಣಗಾದ ಮೇಲೆ ಯೋಚನೆ ಮಾಡಿದ್ರೆ ಅವರು ಮಾಡಿದ್ದೇ ಸರಿ. ಜನವರೀಲಿ ಬಾಲ್ಟಿಮೋರ್ ನಮ್ಮ ಮೇಲೆ ಬರೀ ಓಡಿ ಓಡಿ 299 ಯಾರ್ಡ್ ತಗೊಂಡ್ರು, ಡೆರಿಕ್ ಹೆನ್ರಿ ಒಬ್ಬನೇ 186. ಬಾಗಿಲಿಗೆ ಅಗುಳಿ ಇಲ್ಲದ ಮನೆ. ಸ್ಯಾಂಡರ್ಸ್ ನಿಖರವಾಗಿ ಎಸೀತಾನೆ, ಹೋದ ವರ್ಷ ನೂರಕ್ಕೆ 74 ಪಾಸ್ ಕೈ ಸೇರಿದೆ. ಆದ್ರೆ ಚೆಂಡು ಇಟ್ಕೊಂಡು ಹಿಂದೆ ಹಿಂದೆ ಸರೀತಾನೆ, ಎರಡು ವರ್ಷದಲ್ಲಿ 94 ಸಲ ಸ್ಯಾಕ್ ಆಗಿದಾನೆ, ಅಂದ್ರೆ ಎಸೆಯೋಕೆ ಮುಂಚೆನೇ ಕೆಡವಿಸ್ಕೊಂಡಿದಾನೆ. ಅವನನ್ನ ಕಾಯೋ ಲೈನ್ ಕೆಟ್ಟದಿತ್ತು, ನಿಜ. ಎಲ್ಲಾ ಲೈನಿನ ತಪ್ಪಲ್ಲ.

ಆದ್ರೂ ಕೊನೆಗೆ ಕ್ಲೀವ್‌ಲ್ಯಾಂಡ್ ಅವನನ್ನ ತಗೊಂಡಿದ್ದು 144ನೇ ಪಿಕ್ಕಲ್ಲಾ? ಐದನೇ ರೌಂಡ್? ಅದು ಅನ್ಯಾಯ. ಅದಕ್ಕೆ ಮುಂಚೆ ಕ್ಲೀವ್‌ಲ್ಯಾಂಡ್ 94ನೇ ಪಿಕ್ಕಲ್ಲಿ ಡಿಲನ್ ಗೇಬ್ರಿಯಲ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನೇ ತಗೊಂಡಿತ್ತು. ಪಿಕೆಟ್, ಜೋ ಫ್ಲಾಕೊ, ಗಾಯಾಳು ಡಿಶಾನ್ ವಾಟ್ಸನ್, ಈಗ ಇವರಿಬ್ಬರು. ಒಂದು ಕೆಲಸಕ್ಕೆ ಐದು ಜನ. ನಮಗೆ ಒಬ್ಬರೂ ಗತಿಯಿಲ್ಲ. ಇದರ ಮಧ್ಯೆ ಯಾರೋ ತಂಡದೋರ ಹಾಗೆ ಸ್ಯಾಂಡರ್ಸ್‌ಗೆ ಸುಳ್ಳು ಫೋನ್ ಬೇರೆ ಮಾಡಿದ್ರು. ನೋಡಿದ್ರೆ ಅಟ್ಲಾಂಟಾ ಕೋಚ್ ಒಬ್ಬರ ಮಗ. ಲೀಗ್ ಅಟ್ಲಾಂಟಾ ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕ್ತು, ಅಪ್ಪನಿಗೆ ಒಂದು ಲಕ್ಷ. ನಮ್ಮ ಮನೇಲಾಗಿದ್ರೆ ದಂಡದ ಜೊತೆ ಬೆನ್ನಿಗೂ ಬೀಳ್ತಿತ್ತು.

ಸ್ಟ್ರಿಪ್ ಡಿಸ್ಟ್ರಿಕ್ಟ್ ಬಂತು, ಪೆನ್ ಅವೆನ್ಯೂ. ಎಲ್ಲಿ ನೋಡಿದ್ರೂ ಕಪ್ಪು, ಹಳದಿ. ಪಾರ್ಕಿಂಗಿಗೆ ಸುತ್ತು ಹೊಡೀತಿದ್ದಾಗ್ಲೇ ಫೋನಿಗೆ ಸುದ್ದಿ ಬಂತು: ನ್ಯೂ ಆರ್ಲಿಯನ್ಸ್‌ನ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ನಿವೃತ್ತಿ. ಭುಜದ ತೊಂದರೆ. ಅವರು ಡ್ರಾಫ್ಟಲ್ಲಿ 40ನೇ ಪಿಕ್ಕಿಗೆ ಟೈಲರ್ ಶಕ್‌ನ ತಗೊಂಡಾಗ ನಾನು ನಕ್ಕಿದ್ದೆ. ಇಪ್ಪತ್ತೈದು ವರ್ಷ, ಮೂರು ಕಾಲೇಜು ಸುತ್ತಿ ಏಳು ವರ್ಷ ಆಡಿದೋನು. ಈಗ ಅವರಿಗೆ ಯಾರಾದ್ರೂ ಒಬ್ಬ ಇದಾನೆ. ನಗು ವಾಪಸ್ ತಗೊಂಡೆ.

ನಾವು ತಗೊಂಡ ಕ್ವಾರ್ಟರ್‌ಬ್ಯಾಕ್ ವಿಲ್ ಹಾವರ್ಡ್, ಆರನೇ ರೌಂಡ್, 185ನೇ ಪಿಕ್. ಇದೇ ಪೆನ್ಸಿಲ್ವೇನಿಯಾ ಹುಡುಗ, ಆರಡಿ ನಾಲ್ಕಿಂಚು, ಒಹಾಯೊ ಸ್ಟೇಟ್ ತಂಡದಲ್ಲಿ ಜನವರೀಲಿ ರಾಷ್ಟ್ರೀಯ ಚಾಂಪಿಯನ್. ಅಷ್ಟು ದೊಡ್ಡ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿನೇ 199ನೇ ಪಿಕ್ ಅಲ್ವಾ ಅಂತ ಎಲ್ಲರೂ ಹೇಳ್ತಾರೆ. ಆರನೇ ರೌಂಡಲ್ಲಿ ಬಂದು ಹೆಸರಿಲ್ಲದೆ ಹೋದೋರನ್ನ ಯಾರೂ ಎಣಿಸಲ್ಲ. ಅಸಲಿ ಲೆಕ್ಕ ಮುಂದಿನ ವರ್ಷದ್ದು. 2026ರ ಡ್ರಾಫ್ಟ್ ಇದೇ ಊರಲ್ಲಿ, ಅದಕ್ಕೇ ಪಿಕ್ ಕೂಡಿಡ್ತಿದಾರೆ. ಆ ದಿನ ನಮ್ಮೂರಲ್ಲಿ ನಿಂತು ಹುಡುಗನ ಹೆಸರು ಕೂಗೋ ಆಸೆ. ಅಲ್ಲೀ ತನಕ? ರೋಜರ್ಸ್. ಬರಲಿ ಬಿಡಿ. ಒಂದು ವರ್ಷ ತಾನೇ.

ಹೇಳಿದ್ನಲ್ಲ, ಬದಲಾಯಿಸ್ತೀನಿ ಅಂತ.

ಈ ತಳ್ಳುಗಾಡಿಯಲ್ಲಿ ಟೀಶರ್ಟ್ ಇಪ್ಪತ್ತು ಡಾಲರ್. ಹೆಸರಿಲ್ಲ, ನಂಬರಿಲ್ಲ, ಬರೀ "ಪಿಟ್ಸ್‌ಬರ್ಗ್". ಅಣ್ಣನ ಮಗನಿಗೆ ಇದೇ. ಊರು ಎಲ್ಲಿಗೂ ಹೋಗಲ್ಲ ಅಂದ್ರು ಇವರು.

ಕೊನೇ ಶಾಟ್, ರಾತ್ರಿ, ನಮ್ಮ ಡೈನಿಂಗ್ ಟೇಬಲ್. ಇದು ಹಳೇ ಪಿಕೆಟ್ ಜರ್ಸಿ, ಹೊಲಿಗೆ ಹಾಕಿರೋ ದುಬಾರಿದು. ಐಡಿಯಾ ಇವರದೇ. ರೋಜರ್ಸ್ ಜೆಟ್ಸಲ್ಲಿ ಹಾಕ್ತಿದ್ದ ನಂಬರ್ 8. ಗ್ರೀನ್ ಬೇಯಲ್ಲಿದ್ದಾಗಿನ 12 ಇಲ್ಲಿ ಸಿಗಲ್ಲ, ಅದು ಸ್ಟೀಲರ್ಸ್‌ನ ಹಳೇ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರ್ಯಾಡ್‌ಷಾ ನಂಬರ್, ಇಲ್ಲಿ ಅದನ್ನ ಯಾರಿಗೂ ಕೊಡಲ್ಲ. ಅಂದ್ರೆ ಬಂದ್ರೆ 8ಕ್ಕೇ ಬರಬೇಕು. ನಂಬರ್ ಹಾಗೇ ಇರಲಿ, ಹೆಸರು ಮಾತ್ರ ಬದಲಾಯಿಸಿದ್ರಾಯ್ತು. ಇಂಗ್ಲಿಷಲ್ಲಿ ಪಿಕೆಟ್ ಏಳಕ್ಷರ, ರೋಜರ್ಸೂ ಏಳಕ್ಷರ. ಅಷ್ಟೇ ಅಲ್ಲ, ಎರಡರಲ್ಲೂ ಐದನೇ ಅಕ್ಷರ 'ಇ'. ಹಾಗಾಗಿ ಬಿಚ್ಚಬೇಕಾಗಿರೋದು ಆರೇ.

'ಪಿ' ಬಂತು, ನೋಡಿ. ಬಟ್ಟೆ ಹರಿದಿಲ್ಲ. "ಇನ್ನೂ ಸಹಿ ಹಾಕಿಲ್ಲ ಕಣೇ" ಅಂತಿದಾರೆ ಹಿಂದಿನಿಂದ, ಕೇಳಿಸ್ತಾ? 'ಐ' ಸುಲಭ, ಒಂದೇ ಗೆರೆ. ಅಯ್ಯೋ, ಬ್ಯಾಟರಿ ಎರಡು ಪರ್ಸೆಂಟ್...